ಕೊಂಡಿಗಳಿಗೊಂದು ಬೇರೆ ವಿಭಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಬ್ಲಾಗಿನಲ್ಲಿ ಉದ್ದನೆಯ ಬರಹಗಳ ಪಕ್ಕಕ್ಕೆ ‘ಕೊಂಡಿಗಳು’ ಅಂತ, ಅಂದರೆ ಓದಿದ ಪುಟಗಳ ಲಿಂಕನ್ನು ಚಿಕ್ಕ ಟಿಪ್ಪಣಿಯ ಜೊತೆ ಹಾಕುವ, ಒಂದು ವಿಭಾಗ ತೆರೆದ ಮೇಲೆ ಮೈಸೂರು, ಮಂಡ್ಯ ಕಡೆಯ ಓದುಗರು ಕೇಳುತ್ತಾ ಬಂದಿರುವ ಪ್ರಶ್ನೆಗಳಿವು. ತಮ್ಮ ಬ್ಲಾಗಿಗೂ ಇಂಥದ್ದೊಂದು ಬೇಕು ಅನ್ನುವವರು ಇವರಲ್ಲಿ ಬಹಳ ಮಂದಿ. ಅವರ ಕೈಗೆ ಕೆಲಸಕ್ಕೆ ಬರುವ ಹಾಗೆ ಉತ್ತರ ಬರೆದಿದ್ದೇನೆ.

ಕೊಂಡಿಗಳಿಗೆ ಬೇರೆ ವಿಭಾಗ ಯಾಕೆ? ಬರಹಗಳ ಜೊತೆಗೇ ಹಾಕಿದರೆ ಆಗದೇ?

ಆಗುತ್ತದೆ. ಆದರೆ ಎರಡಕ್ಕೂ ನಷ್ಟ. ತಿಂಗಳಿಗೊಮ್ಮೆ ಬರುವ ಉದ್ದನೆಯ ಲೇಖನ ದಿನಕ್ಕೆರಡು ಬರುವ ಕೊಂಡಿಗಳ ಕೆಳಗೆ ಹೂತುಹೋಗುತ್ತದೆ. ಮುಖಪುಟ ತೆರೆದವರಿಗೆ ಅದು ಕಾಣುವುದೇ ಇಲ್ಲ. ಇನ್ನೊಂದು ಕಡೆ, ಕೊಂಡಿ ಹಾಕುವವರ ಮನಸ್ಸಿನಲ್ಲೇ ಒಂದು ಹಿಂಜರಿಕೆ ಹುಟ್ಟುತ್ತದೆ: ‘ಬರೀ ಎರಡು ಸಾಲು, ಇದನ್ನೂ ಒಂದು ಪೋಸ್ಟ್ ಅಂತ ಹಾಕೋದಾ?’ ಅಂತ. ಆ ಹಿಂಜರಿಕೆಯಿಂದಲೇ ಒಳ್ಳೆಯ ಎಷ್ಟೋ ಪುಟಗಳು ಯಾರಿಗೂ ತಲುಪದೆ ಬ್ರೌಸರಿನ ಟ್ಯಾಬುಗಳಲ್ಲೇ ಉಳಿದುಬಿಡುತ್ತವೆ. ಬೇರೆ ಜಾಗ ಮಾಡಿಕೊಟ್ಟರೆ ಎರಡು ಸಾಲು ಎರಡೇ ಸಾಲಾಗಿ ಇರಬಹುದು, ಯಾರೂ ಅದರಿಂದ ಲೇಖನ ನಿರೀಕ್ಷಿಸುವುದಿಲ್ಲ.

ನನ್ನ ಮಟ್ಟಿಗೆ ಇದು ಬರೀ ಅನುಕೂಲದ ಮಾತಲ್ಲ. ಓದಿದ್ದನ್ನು ಗುರುತು ಹಾಕಿ, ಅದರ ಬಗ್ಗೆ ಸ್ವಂತ ಮಾತು ಎರಡು ಸೇರಿಸಿ, ಮುಂದೆ ಯಾರಿಗಾದರೂ ಸಿಗುವ ಕಡೆ ಇಡುವುದು ಬರವಣಿಗೆಯೇ. ಕನ್ನಡಕ್ಕೆ ಈ ಕೆಲಸ ಈಗ ತುಂಬಾ ಬೇಕು. ಯಾಕೆ ಅನ್ನುವುದನ್ನು ಕೆಳಗೆ ಬಿಡಿಸಿ ಹೇಳಿದ್ದೇನೆ.

ಇದು ಹೊಸ ರೂಢಿಯೇ?

ಇಲ್ಲ, ಬ್ಲಾಗುಗಳು ಹುಟ್ಟಿದ್ದೇ ಹೀಗೆ. 1997ರ ಡಿಸೆಂಬರಿನಲ್ಲಿ ಜೋರ್ನ್ ಬಾರ್ಗರ್ ಅನ್ನುವವರು ‘ವೆಬ್‌ಲಾಗ್’ ಅಂತ ಹೆಸರಿಟ್ಟು ನಡೆಸಿದ್ದು ದಿನದಿನವೂ ಓದಿದ್ದರ ಕೊಂಡಿಪಟ್ಟಿಯನ್ನೇ. ಆ ಹೆಸರಿನಡಿ ದಿನಚರಿ, ಲೇಖನ, ಕವಿತೆ ಎಲ್ಲ ಆಮೇಲೆ ಬಂದವು. 2003ರಲ್ಲಿ ಡೆಲಿಶಿಯಸ್ ಅನ್ನುವ ಬುಕ್‌ಮಾರ್ಕ್ ತಾಣ ಶುರುವಾದಾಗ ಜನ ಕೊಂಡಿಗಳನ್ನು ಅಲ್ಲಿಗೆ ಸಾಗಿಸಿದರು. 2005ರಲ್ಲಿ ಯಾಹೂ ಅದನ್ನು ಕೊಂಡಿತು, ಕೈಯಿಂದ ಕೈಗೆ ಹೋಗಿ 2017ರಲ್ಲಿ ಅಂಥದ್ದೇ ಇನ್ನೊಂದು ತಾಣವಾದ ಪಿನ್‌ಬೋರ್ಡ್ ಪಾಲಾಗಿ ನಿಂತಿತು. ಹಲವು ಬ್ಲಾಗುಗಳನ್ನು ಒಂದೇ ಕಡೆ ಓದಲು ಇದ್ದ ಗೂಗಲ್ ರೀಡರ್ 2013ರ ಜುಲೈ 1ಕ್ಕೆ ಮುಚ್ಚಿತು. ಪುಟಗಳನ್ನು ಆಮೇಲೆ ಓದಲು ಎತ್ತಿಡುವ ಪಾಕೆಟ್ ಅನ್ನು ಮೊಜಿಲ್ಲಾ 2025ರ ಜುಲೈನಲ್ಲಿ ನಿಲ್ಲಿಸಿತು. ಬೇರೆಯವರ ಜಾಗದಲ್ಲಿ ಕೂಡಿಟ್ಟದ್ದರ ಗತಿ ಇದು. ಅದಕ್ಕೇ ನಾನು ಸ್ವಂತ ಬ್ಲಾಗಿನಲ್ಲೇ ಇಡಿ ಅನ್ನುವುದು.

ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಿದರೆ ಸಾಲದೇ? ಎಲ್ಲರೂ ಅಲ್ಲೇ ಇದ್ದಾರಲ್ಲ.

ಕಳಿಸಿ, ಬೇಡ ಅನ್ನುವುದಿಲ್ಲ. ಮೊದಲು ಬ್ಲಾಗಿನಲ್ಲಿ ಹಾಕಿ, ಆಮೇಲೆ ಆ ವಿಳಾಸವನ್ನು ಗುಂಪಿಗೆ ಕಳಿಸಿ. ಗುಂಪಿನಲ್ಲಿ ಬಿದ್ದ ಕೊಂಡಿ ಸಂಜೆಯ ಹೊತ್ತಿಗೆ ‘ಶುಭೋದಯ’ಗಳ ಕೆಳಗೆ ಸೇರಿರುತ್ತದೆ. ಮುಂದಿನ ವರ್ಷ ಸೇರಿದ ಸದಸ್ಯರಿಗೆ ಅದು ಇತ್ತು ಅನ್ನುವುದೂ ಗೊತ್ತಾಗುವುದಿಲ್ಲ, ಸರ್ಚ್ ಎಂಜಿನ್ನಿಗೂ ಸಿಗುವುದಿಲ್ಲ. ಮೈಸೂರಿನ ನಿವೃತ್ತ ಮೇಷ್ಟ್ರುಗಳು, ಮಂಡ್ಯದ ಕೃಷಿ ಬಲ್ಲವರು ಗುಂಪುಗಳಲ್ಲಿ ಹಂಚುವ ತಿಳಿವಳಿಕೆ ಎಷ್ಟು ದೊಡ್ಡದು ಅನ್ನುವುದು ಆ ಗುಂಪಿನಲ್ಲಿ ಇರುವವರಿಗೆ ಗೊತ್ತು. ಫೋನ್ ಬದಲಾಯಿಸಿದ ದಿನ ಅದರಲ್ಲಿ ಅರ್ಧ ಹೋಗಿರುತ್ತದೆ.

ಒಂದು ಕೊಂಡಿಯ ಜೊತೆ ಏನೇನು ಬರೆಯಬೇಕು?

ಈ ವಿಭಾಗದ ಜೀವ ಇರುವುದೇ ಇಲ್ಲಿ. ‘ಓದಲೇಬೇಕಾದ ಬರಹ’, ‘ಅದ್ಭುತ’ ಅಂತ ಬರೆದರೆ ಏನೂ ಬರೆದ ಹಾಗಾಗಲಿಲ್ಲ. ಅದು ಏನು, ಯಾರದ್ದು, ಯಾವ ಕಾಲದ್ದು, ಅದರಲ್ಲಿ ಎಲ್ಲಿ ನೋಡಬೇಕು, ನಿಮಗೆ ಯಾಕೆ ಮುಖ್ಯ ಅನ್ನಿಸಿತು, ಇಷ್ಟು ಎರಡು ಮೂರು ವಾಕ್ಯದಲ್ಲಿ ಬಂದರೆ ಸಾಕು. ಕೊಂಡಿ ಸತ್ತರೂ ನಿಮ್ಮ ಟಿಪ್ಪಣಿ ಓದಿದವರಿಗೆ ಏನಾದರೂ ದಕ್ಕಬೇಕು. ಅದೇ ಅಳತೆ.

ಒಂದು ಉದಾಹರಣೆ ಕೊಡುತ್ತೇನೆ. ನಾಗಮಂಗಲ ತಾಲ್ಲೂಕಿನವರು ತಮ್ಮೂರ ಶಾಸನ ಹುಡುಕಲು ಹೊರಟರೆ ಸಹಜವಾಗಿ ‘ಮಂಡ್ಯ ಜಿಲ್ಲೆಯ ಶಾಸನಗಳು’ ಅಂತ ಹುಡುಕುತ್ತಾರೆ. ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಬಿ.ಎಲ್. ರೈಸ್ ಅವರ ಹಳೆಯ ಸಂಪುಟಗಳಲ್ಲಿ ಹಾಗೆ ಹುಡುಕಿದರೆ ಏನೂ ಸಿಗುವುದಿಲ್ಲ. ಮಂಡ್ಯ ಜಿಲ್ಲೆ ಆಗಿದ್ದೇ 1939ರಲ್ಲಿ, ಸಂಪುಟಗಳು ಬಂದದ್ದು ಅದಕ್ಕೂ ಬಹಳ ಮೊದಲು. ಅಂಥ ಒಂದು ಸಂಪುಟದ ಸ್ಕ್ಯಾನ್ ಪ್ರತಿಯ ಕೊಂಡಿಗೆ ನಾನು ಬರೆದ ಟಿಪ್ಪಣಿ ಹೀಗಿದೆ:

‘ನಾಗಮಂಗಲ, ಕೃಷ್ಣರಾಜಪೇಟೆ ಶಾಸನಗಳು: ಎಪಿಗ್ರಾಫಿಯ ಕರ್ನಾಟಿಕ, ನಾಲ್ಕನೇ ಸಂಪುಟ, 1898. ಆಗ ಈ ತಾಲ್ಲೂಕುಗಳು ಮೈಸೂರು ಜಿಲ್ಲೆಯಲ್ಲಿದ್ದವು, ಆದ್ದರಿಂದ ಮುಖಪುಟದ ಮೇಲೆ ಮೈಸೂರು ಜಿಲ್ಲೆ, ಎರಡನೇ ಭಾಗ ಎಂದಿರುತ್ತದೆ. ಮಂಡ್ಯ, ಮಳವಳ್ಳಿ, ಶ್ರೀರಂಗಪಟ್ಟಣ ಬೇಕಾದವರು 1894ರ ಮೂರನೇ ಸಂಪುಟ ನೋಡಿ. ಕನ್ನಡ ಲಿಪಿಯ ಪಾಠವೂ ಇದೆ, ಇಂಗ್ಲಿಷ್ ಅನುವಾದವೂ ಇದೆ.’

ನಾಲ್ಕೈದು ವಾಕ್ಯ, ಅಷ್ಟೆ. ನೂರಾರು ಪುಟದ ಸ್ಕ್ಯಾನ್ ತೆರೆದು ಎತ್ತ ಹೋಗಬೇಕು ಅಂತ ತಿಳಿಯದೆ ಕೂತವರಿಗೆ ಇದರಿಂದ ಸಿಗುವ ನೆರವು ದೊಡ್ಡದು. ಮೈಸೂರು ವಿಶ್ವವಿದ್ಯಾನಿಲಯದ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ಈ ಸಂಪುಟಗಳನ್ನು ಪರಿಷ್ಕರಿಸಿ ಮತ್ತೆ ತಂದಿದೆ, ಅವುಗಳಲ್ಲಿ ತಾಲ್ಲೂಕುಗಳ ವಿಂಗಡಣೆ ಬೇರೆ. ಅದನ್ನು ಇನ್ನೊಂದು ಕೊಂಡಿಯಾಗಿ ಹಾಕಿ ಇದಕ್ಕೆ ಜೋಡಿಸುತ್ತೇನೆ. ಹೀಗೆ ಒಂದಕ್ಕೊಂದು ಹೊಂದಿಕೊಂಡ ಕೊಂಡಿಗಳು ನಾಲ್ಕು ಸೇರಿದರೆ ಒಂದು ಲೇಖನದ ಬುನಾದಿ ಬಿದ್ದ ಹಾಗೆ.

ಮೂಲ ಪುಟವೇ ಕನ್ನಡದಲ್ಲಿದ್ದಾಗ ಟಿಪ್ಪಣಿಯ ಅಗತ್ಯವೇನು? ಹುಡುಕಿದರೆ ಸಿಗುತ್ತದಲ್ಲ.

ಬಹಳ ಸಲ ಸಿಗುವುದಿಲ್ಲ. ಎಲ್ಲ ಕಂಪ್ಯೂಟರುಗಳೂ ಒಪ್ಪುವ ಅಕ್ಷರಗಳ ಏರ್ಪಾಡಾದ ಯೂನಿಕೋಡ್ ಬಳಕೆಗೆ ಬರುವ ಮೊದಲು ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳು ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಅವುಗಳಿಂದ ಮಾಡಿದ ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿ ನೋಡಿ, ಗೊತ್ತಾಗುತ್ತದೆ. ಸರ್ಕಾರಿ ಸುತ್ತೋಲೆ, ಸಂಘಸಂಸ್ಥೆಗಳ ಸ್ಮರಣ ಸಂಚಿಕೆ, ಹಳೆಯ ಪ್ರಬಂಧ, ಎಷ್ಟೋ ಇನ್ನೂ ಹೀಗೇ ಇವೆ. ಬರೀ ಸ್ಕ್ಯಾನ್ ಮಾಡಿದ ಪುಸ್ತಕಗಳದ್ದು ಇನ್ನೊಂದು ಕಥೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಿಂದ ಇಂಟರ್ನೆಟ್ ಆರ್ಕೈವ್‌ಗೆ ಬಂದ ಕನ್ನಡ ಪುಸ್ತಕಗಳ ಹೆಸರು ಹೆಚ್ಚಾಗಿ ಇಂಗ್ಲಿಷ್ ಅಕ್ಷರಗಳಲ್ಲಿವೆ, ಕಾಗುಣಿತವೂ ಒಂದೊಂದರಲ್ಲಿ ಒಂದೊಂದು ಥರ. ಕನ್ನಡದಲ್ಲಿ ಹೆಸರು ಟೈಪ್ ಮಾಡಿ ಹುಡುಕಿದವರಿಗೆ ಪುಸ್ತಕವೇ ಇಲ್ಲ ಅನ್ನಿಸಿಬಿಡುತ್ತದೆ. ಪುಸ್ತಕ ಅಲ್ಲೇ ಇರುತ್ತದೆ.

ಲೇಖಕರ ಹೆಸರು, ಪುಸ್ತಕದ ಹೆಸರು, ವಿಷಯ, ಊರು ಇವನ್ನು ಯೂನಿಕೋಡ್ ಕನ್ನಡದಲ್ಲಿ ನೀವು ಬರೆದಿಟ್ಟರೆ ಆ ಪುಸ್ತಕಕ್ಕೆ ಕನ್ನಡದಲ್ಲಿ ಹೋಗುವ ದಾರಿ ನಿಮ್ಮ ಟಿಪ್ಪಣಿ ಒಂದೇ ಆಗಿರಬಹುದು. ಅದಕ್ಕೇ ಸಾಲು ಕಡಿಮೆಯಾದರೂ ಹೆಸರುಗಳನ್ನು ಪೂರ್ತಿ ಬರೆಯಿರಿ ಅಂತ ಎಲ್ಲರಿಗೂ ಒತ್ತಿ ಹೇಳುತ್ತೇನೆ.

ತಾಂತ್ರಿಕವಾಗಿ ಹೇಗೆ ಮಾಡುವುದು?

ವರ್ಡ್‌ಪ್ರೆಸ್‌ನಲ್ಲಿ ಸುಲಭದ ದಾರಿ ಎರಡು ವರ್ಗ ಮಾಡಿಕೊಳ್ಳುವುದು: ಒಂದು ಬರಹ, ಇನ್ನೊಂದು ಕೊಂಡಿ. ಬ್ಲಾಕ್ ಥೀಮ್ (ಪುಟವನ್ನು ತುಂಡು ತುಂಡಾಗಿ ಜೋಡಿಸಿಕೊಳ್ಳುವ ವಿನ್ಯಾಸ) ಇದ್ದರೆ ಮುಖಪುಟದಲ್ಲಿ ಪೋಸ್ಟುಗಳ ಪಟ್ಟಿ ತೋರಿಸುವ ಕ್ವೆರಿ ಲೂಪ್‌ನಲ್ಲಿ ‘ಬರಹ’ ವರ್ಗವನ್ನು ಮಾತ್ರ ಆಯ್ದುಕೊಳ್ಳಿ, ಕೊಂಡಿ ವರ್ಗದ ಪುಟವನ್ನು ಮೆನುವಿಗೆ ಸೇರಿಸಿ. 2011ರಿಂದ ವರ್ಡ್‌ಪ್ರೆಸ್‌ನಲ್ಲಿ ‘ಲಿಂಕ್’ ಅನ್ನುವ ಪೋಸ್ಟ್ ಫಾರ್ಮ್ಯಾಟ್ ಕೂಡ ಇದೆ. ಆದರೆ ಅದು ಥೀಮನ್ನು ಅವಲಂಬಿಸಿದೆ, ಥೀಮ್ ಬದಲಾಯಿಸಿದ ದಿನ ನೋಟ ಕೆಡುತ್ತದೆ. ನಾನು ವರ್ಗವನ್ನೇ ನಂಬುತ್ತೇನೆ.

ಬ್ಲಾಗರ್‌ನಲ್ಲಿ ವರ್ಗದ ಬದಲು ಲೇಬಲ್. ಪ್ರತಿ ಕೊಂಡಿಗೂ ಒಂದೇ ಲೇಬಲ್ ಕೊಟ್ಟು, ಆ ಲೇಬಲ್‌ನ ಪುಟವನ್ನು ಮೇಲಿನ ಮೆನುವಿನಲ್ಲಿ ಇಡಿ. ಮುಖಪುಟದಿಂದ ಒಂದು ಲೇಬಲ್ ಮರೆಮಾಡಲು ಥೀಮ್ ಕೋಡಿಗೆ ಕೈ ಹಾಕಬೇಕು. ಅದು ಬೇಡವಾದರೆ ಹಲವು ಕೊಂಡಿಗಳನ್ನು ಸೇರಿಸಿ ವಾರಕ್ಕೊಂದು ಪೋಸ್ಟ್ ಮಾಡಿ. ಪಕ್ಕದ ಪಟ್ಟಿಯಲ್ಲಿ ಹಾಕಿಕೊಳ್ಳುವ ‘ಲಿಂಕ್ ಲಿಸ್ಟ್’ ಗ್ಯಾಜೆಟ್ ಈ ಕೆಲಸಕ್ಕೆ ಆಗುವುದಿಲ್ಲ. ಅದರಲ್ಲಿ ದಿನಾಂಕ ಇಲ್ಲ, ಟಿಪ್ಪಣಿಗೆ ಜಾಗ ಇಲ್ಲ, ಒಂದೊಂದಕ್ಕೂ ವಿಳಾಸ ಇಲ್ಲ.

ಕಡತಗಳಿಂದ ತಾಣ ಕಟ್ಟಿಕೊಡುವ ಹ್ಯೂಗೋ ತಂತ್ರಾಂಶ ಬಳಸುವವರು ಕಂಟೆಂಟ್ ಫೋಲ್ಡರಿನ ಒಳಗೆ ಇನ್ನೊಂದು ಫೋಲ್ಡರ್ ಮಾಡಿದರೆ ಆಯಿತು, ಆ ವಿಭಾಗಕ್ಕೆ ಪಟ್ಟಿಪುಟವನ್ನೂ ಫೀಡನ್ನೂ (ಹೊಸದು ಬಂದದ್ದನ್ನು ಚಂದಾದಾರರ ಓದುವ ಆ್ಯಪ್‌ಗೆ ತಲುಪಿಸುವ ಕಡತ) ಅದೇ ಮಾಡಿಕೊಡುತ್ತದೆ.

ಚಂದಾದಾರರಿಗೆ ಕಿರಿಕಿರಿ ಆಗುವುದಿಲ್ಲವೇ?

ಒಂದೇ ಫೀಡ್‌ನಲ್ಲಿ ಎಲ್ಲವನ್ನೂ ಸುರಿದರೆ ಖಂಡಿತ ಆಗುತ್ತದೆ. ಮೂರು ಫೀಡ್ ಕೊಡಿ: ಬರಹ ಮಾತ್ರ, ಕೊಂಡಿ ಮಾತ್ರ, ಎರಡೂ ಸೇರಿ. ವರ್ಡ್‌ಪ್ರೆಸ್ ಪ್ರತಿ ವರ್ಗಕ್ಕೂ, ಬ್ಲಾಗರ್ ಪ್ರತಿ ಲೇಬಲ್‌ಗೂ ತಾನೇ ಫೀಡ್ ಮಾಡಿಟ್ಟಿರುತ್ತದೆ. ನೀವು ಮಾಡಬೇಕಾದದ್ದು ಅವುಗಳ ವಿಳಾಸವನ್ನು ಕಾಣುವ ಕಡೆ ಬರೆಯುವುದು. ಇಮೇಲ್‌ನಲ್ಲಿ ಓದುವವರಿಗೆ ಒಂದೊಂದು ಕೊಂಡಿಗೂ ಒಂದೊಂದು ಮೇಲ್ ಕಳಿಸಲೇಬೇಡಿ. ವಾರದ್ದನ್ನು ಒಟ್ಟು ಮಾಡಿ ಭಾನುವಾರ ಬೆಳಿಗ್ಗೆ ಕಳಿಸಿದರೆ ಓದುವವರು ಓದುತ್ತಾರೆ.

ಶೀರ್ಷಿಕೆ ಒತ್ತಿದರೆ ಎಲ್ಲಿಗೆ ಹೋಗಬೇಕು, ಮೂಲ ಪುಟಕ್ಕೋ ನಿಮ್ಮ ಪುಟಕ್ಕೋ?

ಮೂಲಕ್ಕೆ. ಕೊಂಡಿ ಹಾಕುವುದೇ ಓದುಗರನ್ನು ಅಲ್ಲಿಗೆ ಕಳಿಸಲು. ಆದರೆ ನಿಮ್ಮ ಟಿಪ್ಪಣಿಗೂ ತನ್ನದೇ ಒಂದು ಸ್ಥಿರ ವಿಳಾಸ ಬೇಕು, ಇಲ್ಲದಿದ್ದರೆ ಅದನ್ನು ಯಾರೂ ಉಲ್ಲೇಖಿಸಲು ಆಗುವುದಿಲ್ಲ. ಡೇರಿಂಗ್ ಫೈರ್‌ಬಾಲ್ ಅನ್ನುವ ಇಂಗ್ಲಿಷ್ ಬ್ಲಾಗಿನ ಕೊಂಡಿಗಳಲ್ಲಿ ಶೀರ್ಷಿಕೆ ಹೊರಗಿನ ಪುಟಕ್ಕೆ ಹೋಗುತ್ತದೆ, ಪಕ್ಕದ ಸಣ್ಣ ನಕ್ಷತ್ರ ಆ ಟಿಪ್ಪಣಿಯ ಸ್ವಂತ ವಿಳಾಸಕ್ಕೆ. ನಾನು ದಿನಾಂಕವನ್ನೇ ಆ ಕೆಲಸಕ್ಕೆ ಬಳಸುತ್ತೇನೆ: ದಿನಾಂಕ ಒತ್ತಿದರೆ ನನ್ನ ಪುಟ ತೆರೆಯುತ್ತದೆ.

ಪುಟದ ವಿಳಾಸ ಕನ್ನಡದಲ್ಲೇ ಇರಲಿ ಅನ್ನುವ ಆಸೆ. ತೊಂದರೆ ಏನು?

ಆಸೆ ನನಗೂ ಇದೆ. ಬ್ರೌಸರಿನಲ್ಲಿ ಕನ್ನಡ ವಿಳಾಸ ಚೆನ್ನಾಗಿಯೇ ಕಾಣುತ್ತದೆ. ಕಾಪಿ ಮಾಡಿ ಬೇರೆ ಕಡೆ ಹಾಕಿದಾಗ ಕಷ್ಟ. ಯೂನಿಕೋಡ್‌ನಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್, ವಿಳಾಸದೊಳಗೆ ಒಂದೊಂದು ಬೈಟ್ ಕೂಡ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರವಾಗುತ್ತದೆ. ಅಲ್ಲಿಗೆ ಒಂದು ಸಂಕೇತಕ್ಕೆ ಒಂಬತ್ತು. ‘ಮೈಸೂರು’ ಅನ್ನುವುದರಲ್ಲಿ ಮ, ಐತ್ವ, ಸ, ಊತ್ವ, ರ, ಉತ್ವ ಅಂತ 6 ಸಂಕೇತ, ವಿಳಾಸದಲ್ಲಿ ಅದು 54 ಅಕ್ಷರ. ‘ಮಂಡ್ಯ’ 45. ಕನ್ನಡ ವಿಕಿಪೀಡಿಯದ ಕೊಂಡಿ ಯಾರಾದರೂ ಕಳಿಸಿದಾಗ ಪರದೆ ತುಂಬಾ ಶೇಕಡಾ ಚಿಹ್ನೆ ಬರುವುದು ಇದರಿಂದಲೇ.

ವರ್ಡ್‌ಪ್ರೆಸ್ ಪೋಸ್ಟಿನ ವಿಳಾಸದ ಭಾಗಕ್ಕೆ 200 ಅಕ್ಷರದ ಮಿತಿ ಇಟ್ಟಿದೆ. ಲೆಕ್ಕ ಹಾಕಿದರೆ ಸುಮಾರು 22 ಕನ್ನಡ ಸಂಕೇತ. ಉದ್ದನೆಯ ಶೀರ್ಷಿಕೆ ನಡುವೆಯೇ ತುಂಡಾಗುತ್ತದೆ. ಬ್ಲಾಗರ್ ಇನ್ನೂ ಒಂದು ಹೆಜ್ಜೆ ಮುಂದೆ: ಕನ್ನಡ ಶೀರ್ಷಿಕೆಯನ್ನು ಕೈಬಿಟ್ಟು ವಿಳಾಸಕ್ಕೆ ‘ಬ್ಲಾಗ್-ಪೋಸ್ಟ್’ ಅಂತ ಹೆಸರಿಟ್ಟು ಪಕ್ಕಕ್ಕೊಂದು ಸಂಖ್ಯೆ ಸೇರಿಸುತ್ತದೆ. ಎರಡರಲ್ಲೂ ಪ್ರಕಟಿಸುವ ಮೊದಲು ವಿಳಾಸವನ್ನು ನೀವೇ ಇಂಗ್ಲಿಷ್ ಅಕ್ಷರಗಳಲ್ಲಿ ಚಿಕ್ಕದಾಗಿ ಬರೆದುಬಿಡಿ: ವರ್ಷ, ಎರಡು ಪದ, ಸಾಕು. ಶೀರ್ಷಿಕೆ ಕನ್ನಡದಲ್ಲಿ ಇದ್ದೇ ಇರುತ್ತದೆ. ಒಮ್ಮೆ ಇಟ್ಟ ವಿಳಾಸವನ್ನು ಮತ್ತೆ ಬದಲಾಯಿಸಬೇಡಿ.

ಉದ್ದದ ವಿಳಾಸವನ್ನು ಚಿಕ್ಕದು ಮಾಡಿಕೊಡುವ ಸೇವೆಗಳನ್ನು ಬಳಸಬಹುದೇ?

ಬ್ಲಾಗಿನೊಳಗೆ ಬೇಡ. ಓದುಗರಿಗೆ ಎಲ್ಲಿಗೆ ಹೋಗುತ್ತಿದ್ದೇವೆ ಅನ್ನುವುದು ಕಾಣುವುದಿಲ್ಲ, ಮೋಸದ ಕೊಂಡಿಗಳ ಈ ಕಾಲದಲ್ಲಿ ಅದು ಸಣ್ಣ ವಿಷಯವಲ್ಲ. ಸೇವೆ ನಿಂತರೆ ಮೂಲ ಪುಟ ಬದುಕಿದ್ದರೂ ಕೊಂಡಿ ಸತ್ತಿರುತ್ತದೆ. ಗೂಗಲ್ 2009ರಲ್ಲಿ ಇಂಥ ಸೇವೆ ಶುರುಮಾಡಿ 2019ರಲ್ಲಿ ಹೊಸ ಕೊಂಡಿ ಮಾಡುವುದನ್ನು ನಿಲ್ಲಿಸಿತು. 2025ರ ಆಗಸ್ಟ್ 25ರಿಂದ ಹಳೆಯವೂ ಕೆಲಸ ಮಾಡುವುದಿಲ್ಲ ಅಂದಿತ್ತು, ಆಮೇಲೆ ಬಳಕೆಯಲ್ಲಿರುವವನ್ನು ಉಳಿಸಿಕೊಳ್ಳುವುದಾಗಿ ತಿದ್ದಿಕೊಂಡಿತು. ಯಾರೂ ಒತ್ತದೆ ಮೂಲೆಯಲ್ಲಿದ್ದ ಕನ್ನಡದ ಹಳೆಯ ಕೊಂಡಿಗೆ ಆ ರಕ್ಷಣೆ ಇಲ್ಲ.

ವಿಳಾಸ ಚಿಕ್ಕದಾಗಬೇಕಾದರೆ ಬಾಲ ಕತ್ತರಿಸಿ. ಪ್ರಶ್ನಾರ್ಥಕ ಚಿಹ್ನೆಯ ನಂತರ ಯುಟಿಎಂ (utm), ಎಫ್‌ಬಿಸಿಎಲ್‌ಐಡಿ (fbclid) ಅಂತ ಇಂಗ್ಲಿಷಿನಲ್ಲಿ ಶುರುವಾಗುವ ಭಾಗಗಳು ಓದುಗರನ್ನು ಹಿಂಬಾಲಿಸಲು ಹಾಕಿದವು, ತೆಗೆದರೆ ಏನೂ ಆಗುವುದಿಲ್ಲ. ಯೂಟ್ಯೂಬ್‌ನಲ್ಲಿ ಮಾತ್ರ ನೋಡಿಕೊಂಡು ತೆಗೆಯಿರಿ, ವಿಡಿಯೊದ ಗುರುತೂ ಆ ಚಿಹ್ನೆಯ ನಂತರವೇ ಇರಬಹುದು.

ಕೊಟ್ಟ ಕೊಂಡಿ ಮುಂದೆ ತೆರೆಯದಿದ್ದರೆ?

ಬಹಳ ಕೊಂಡಿಗಳು ಒಂದಲ್ಲ ಒಂದು ದಿನ ತೆರೆಯುವುದಿಲ್ಲ. ಅದನ್ನು ಮೊದಲ ದಿನವೇ ಒಪ್ಪಿಕೊಂಡು ಕೆಲಸ ಮಾಡಬೇಕು. ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್ 2001ರಿಂದ ಎಲ್ಲರಿಗೂ ತೆರೆದಿದೆ. ಅಲ್ಲಿ ‘ಸೇವ್ ಪೇಜ್ ನೌ’ ಅನ್ನುವ ಪೆಟ್ಟಿಗೆಗೆ ವಿಳಾಸ ಹಾಕಿದರೆ ಆ ಕ್ಷಣದ ಪ್ರತಿ ಉಳಿಯುತ್ತದೆ. ಸಿಗುವ ಹೊಸ ವಿಳಾಸದೊಳಗೇ ವರ್ಷ, ತಿಂಗಳು, ದಿನ, ಗಂಟೆ ಎಲ್ಲ ಸಂಖ್ಯೆಯಾಗಿ ಇರುತ್ತದೆ. ಟಿಪ್ಪಣಿಯ ಕೊನೆಗೆ ‘ಉಳಿಸಿದ ಪ್ರತಿ’ ಅಂತ ಅದನ್ನೂ ಕೊಡಿ. ಲಾಗಿನ್ ಕೇಳುವ ಪುಟಗಳಿಗೆ ಈ ದಾರಿ ನಡೆಯುವುದಿಲ್ಲ. ಫೇಸ್‌ಬುಕ್‌ನಲ್ಲಿ ಒಳ್ಳೆಯ ಬರಹ ಕಂಡರೆ ಬರೆದವರನ್ನೇ ಕೇಳಿಕೊಳ್ಳಿ, ‘ಇದನ್ನು ಬೇರೆ ಕಡೆಯೂ ಹಾಕಿ ಸರ್’ ಅಂತ. ಕೇಳಿದರೆ ಎಷ್ಟೋ ಜನ ಹಾಕುತ್ತಾರೆ.

ದಿನಾ ಬದಲಾಗುವ ಪುಟಕ್ಕೆ ಕೊಂಡಿ ಕೊಡುವುದು ಹೇಗೆ? ಕೆಆರ್‌ಎಸ್ ನೀರಿನ ಮಟ್ಟದ ಪುಟ, ಉದಾಹರಣೆಗೆ.

ಮಂಡ್ಯದ ಓದುಗರೊಬ್ಬರ ಪ್ರಶ್ನೆ ಇದು, ತುಂಬಾ ಒಳ್ಳೆಯ ಪ್ರಶ್ನೆ. ಅಣೆಕಟ್ಟೆಯ ಮಟ್ಟ, ಒಳಹರಿವು, ಹೊರಹರಿವು ತೋರಿಸುವ ಪುಟದಲ್ಲಿ ಇವತ್ತಿನ ಅಂಕಿ ನಾಳೆ ಇರುವುದಿಲ್ಲ. ‘ನೀರಿನ ಮಟ್ಟ ಇಲ್ಲಿ ನೋಡಿ’ ಅಂತ ಬರೆದರೆ ಮುಂದಿನ ವಾರಕ್ಕೇ ಅರ್ಥವಿಲ್ಲ. ಅಂಕಿಯನ್ನೂ ದಿನಾಂಕವನ್ನೂ ಟಿಪ್ಪಣಿಯಲ್ಲೇ ಬರೆಯಿರಿ: ಗರಿಷ್ಠ 124.80 ಅಡಿ, ಈ ದಿನ ಬೆಳಿಗ್ಗೆ ಇಷ್ಟು ಅಡಿ, ಒಳಹರಿವು ಇಷ್ಟು ಕ್ಯೂಸೆಕ್. ವಿ.ಸಿ. ನಾಲೆಗೆ ಕಟ್ಟು ಪದ್ಧತಿಯಲ್ಲಿ (ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಸರದಿ) ನೀರು ಬಿಟ್ಟ ಸುದ್ದಿ ಇದ್ದರೆ ಯಾವ ದಿನದಿಂದ ಯಾವ ದಿನದವರೆಗೆ ಅನ್ನುವುದನ್ನೂ ಸೇರಿಸಿ. ಹೀಗೆ ಒಂದು ಮುಂಗಾರು ಪೂರ್ತಿ ಗುರುತು ಹಾಕಿದರೆ ಭತ್ತ ನಾಟಿ ಯಾವ ವಾರ ಶುರುವಾಯಿತು, ಯಾಕೆ ತಡವಾಯಿತು ಅನ್ನುವುದಕ್ಕೆ ನಿಮ್ಮ ವಿಭಾಗವೇ ದಾಖಲೆ.

ಮೂಲದಿಂದ ಎಷ್ಟು ಸಾಲು ಎತ್ತಿ ಹಾಕಬಹುದು?

1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಸೆಕ್ಷನ್ ವಿಮರ್ಶೆ, ಸುದ್ದಿ, ಅಧ್ಯಯನ ಮುಂತಾದವಕ್ಕೆ ನ್ಯಾಯಯುತ ಬಳಕೆಗೆ ಅವಕಾಶ ಕೊಡುತ್ತದೆ. ಇಷ್ಟೇ ಪದ ಅಂತ ಲೆಕ್ಕ ಹಾಕಿಕೊಟ್ಟಿಲ್ಲ. ನಾನು ಒಂದು ಪ್ಯಾರಾ ದಾಟುವುದಿಲ್ಲ, ಉದ್ಧರಣೆಗಿಂತ ನನ್ನ ಮಾತು ಹೆಚ್ಚಿರುವ ಹಾಗೆ ನೋಡಿಕೊಳ್ಳುತ್ತೇನೆ. ಇಡೀ ಕವಿತೆ ಟೈಪ್ ಮಾಡಿ ಹಾಕುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ, ಪ್ರೀತಿಯಿಂದಲೇ ಹಾಕುತ್ತಾರೆ. ಆದರೂ ಸರಿಯಲ್ಲ. ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. 1994ರಲ್ಲಿ ತೀರಿಕೊಂಡ ಕವಿಯ ಕೃತಿಗಳಿಗೆ ಅದು 2054ರ ಕೊನೆಯವರೆಗೆ.

ಪಿಡಿಎಫ್, ವಿಡಿಯೊದಂಥ ಉದ್ದನೆಯವಕ್ಕೆ?

ಜಾಗ ತೋರಿಸಿ ಕೊಡಿ. ಪಿಡಿಎಫ್ ವಿಳಾಸದ ಕೊನೆಗೆ ಹ್ಯಾಶ್ ಚಿಹ್ನೆ, ಇಂಗ್ಲಿಷಿನಲ್ಲಿ ಪೇಜ್, ಸಮ ಚಿಹ್ನೆ, ಪುಟಸಂಖ್ಯೆ ಸೇರಿಸಿದರೆ ಹೆಚ್ಚಿನ ಬ್ರೌಸರುಗಳು ನೇರ ಆ ಪುಟಕ್ಕೇ ಹೋಗುತ್ತವೆ. ಯೂಟ್ಯೂಬ್‌ನ ಹಂಚುವ ಪೆಟ್ಟಿಗೆಯಲ್ಲಿ ‘ಇಷ್ಟು ನಿಮಿಷದಿಂದ’ ಅಂತ ಗುರುತು ಹಾಕಬಹುದು. ಎರಡು ಗಂಟೆಯ ಉಪನ್ಯಾಸದಲ್ಲಿ ನಿಮಗೆ ಹಿಡಿಸಿದ ಐದು ನಿಮಿಷ ಎಲ್ಲಿದೆ ಅಂತ ಹೇಳದೆ ಕೊಂಡಿ ಕೊಟ್ಟರೆ ಯಾರೂ ನೋಡುವುದಿಲ್ಲ.

ಕೂಡಿಟ್ಟ ಹಳೆಯ ಬುಕ್‌ಮಾರ್ಕ್‌ಗಳನ್ನೆಲ್ಲ ಒಟ್ಟಿಗೆ ತಂದು ಹಾಕಬಹುದೇ?

ಬೇಡ. ಒಂದೊಂದನ್ನೂ ತೆರೆದು ನೋಡಿ, ಬದುಕಿದೆಯೇ, ಈಗಲೂ ಬೇಕೇ ಅಂತ ಕೇಳಿಕೊಂಡು, ಟಿಪ್ಪಣಿ ಬರೆಯಲು ಮನಸ್ಸಾದವನ್ನು ಮಾತ್ರ ತನ್ನಿ. ಟಿಪ್ಪಣಿ ಬರೆಯಲು ಏನೂ ತೋಚದಿದ್ದರೆ ಆ ಕೊಂಡಿ ನಿಮ್ಮ ವಿಭಾಗಕ್ಕೆ ಸೇರಿದ್ದಲ್ಲ.

ಟ್ಯಾಗುಗಳು?

ಕಡಿಮೆ ಇರಲಿ, ಕಾಗುಣಿತ ಒಂದೇ ಇರಲಿ. ‘ಮೈಸೂರು’, ‘ಮೈಸೂರ್’ ಎರಡು ಟ್ಯಾಗಾದರೆ ಅರ್ಧ ಕೊಂಡಿಗಳು ಕಳೆದುಹೋದ ಹಾಗೆಯೇ.

ನನಗೆ ಸಿಕ್ಕ ಒಂದು ಕೊಂಡಿ ನಿಮಗೆ ಕಳಿಸಬಹುದೇ?

ಖಂಡಿತ ಕಳಿಸಿ, ಸಂತೋಷ. ಫಾರ್ವರ್ಡ್ ಆಗಿ ಬಂದದ್ದಾದರೆ ಮೊದಲು ಎಲ್ಲಿ ಪ್ರಕಟವಾಯಿತು ಅನ್ನುವುದನ್ನು ಹುಡುಕಿ ಆ ವಿಳಾಸ ಕೊಡಿ. ಪುಸ್ತಕವಾದರೆ ಪುಟಸಂಖ್ಯೆ, ಊರಿನ ವಿಷಯವಾದರೆ ತಾಲ್ಲೂಕಿನ ಹೆಸರು ಸೇರಿಸಿ. ನಿಮ್ಮ ಎರಡು ಸಾಲೂ ಜೊತೆಗಿದ್ದರೆ ಅದನ್ನೇ ಹಾಕುತ್ತೇನೆ, ಕೆಳಗೆ ನಿಮ್ಮ ಹೆಸರು ಬೇಕೋ ಬೇಡವೋ ತಿಳಿಸಿ. ಹಳ್ಳಿಗಳ ಇತಿಹಾಸ, ಕೆರೆ, ನಾಲೆ, ಬೆಳೆ, ರಂಗಭೂಮಿ ಇವುಗಳ ಮೇಲಿನ ಕೊಂಡಿಗಳು ಈಗ ಕಡಿಮೆ ಇವೆ, ಅವು ಬಂದರೆ ಮೊದಲು ಅವನ್ನೇ ತೆರೆದು ಓದುತ್ತೇನೆ.